ನೆದ್ಯಾಲ್ಕೋನ ಅಂಗಡಿ ಬಾಗಿಲು

ಫೋನಿನ ನಕ್ಷೆಯಲ್ಲಿ ಪ್ಲೆವೆನ್ ಊರಿನ ಬೂಟು ರಿಪೇರಿಯ ನೆದ್ಯಾಲ್ಕೋನ ಅಂಗಡಿಯ ಫೋಟೋ ಕಂಡು, ಬಾಗಿಲಿಗೆ ಊರ ರೂಢಿಯಂತೆ ಸತ್ತವರ ಮುಖವಿರುವ ಸಾವಿನ ಚೀಟಿ ಅಂಟಿಸಿದ್ದು ಸಣ್ಣದಾಗಿ ಕಂಡಿದ್ದರಿಂದ, ಅಂಗಡಿಯವನೇ ಸತ್ತನೆಂದು ಟೀಚರ್ ಇಸ್ಕ್ರಾ ತಿಳಿದಿದ್ದಳು. ಹೋಗಿ ನೋಡಿದರೆ ಆಸಾಮಿ ಗಟ್ಟಿಮುಟ್ಟಾಗಿ ಕೂತು ಬೂಟಿನ ಹಿಮ್ಮಡಿಗೆ ಮೊಳೆ ಹೊಡೆಯುತ್ತಿದ್ದ. "ನಕ್ಷೇಲಿರೋ ನನ್ ಪೇಜ್ ನೋಡಿದ್ರೇನ್ರೀ? ಇಡೀ ಪ್ರಪಂಚಕ್ಕೇ ಕಾಣತ್ತೆ!" ಎಂದು ಕೇಳಿದ ಮೇಲೆಯೇ ಅವನು ಯಾರ ಬೂಟನ್ನಾದರೂ ಮುಟ್ಟುವುದು. ಅಲ್ಲಿ ಯಾರಾದರೂ ಹೊಗಳಿ ಬರೆದರೆ ಮಂತ್ರಿಯ ಗತ್ತಿನಲ್ಲಿ ಧನ್ಯವಾದ ಹೇಳುತ್ತಾನೆ; ಆದರೆ ಅದೇ ಫೋಟೋ ನೋಡಿ ಅಂಗಡಿ ಮುಚ್ಚಿತೆಂದುಕೊಂಡ ಗಿರಾಕಿಗಳು ಬರುವುದನ್ನೇ ಬಿಡುತ್ತಿದ್ದಾರೆ. ಚೀಟಿಯಲ್ಲಿರುವ ಮುಖ ಅವನ ಹೆಂಡತಿ ದೋಚ್ಕಾಳದು. "ಚೀಟಿ ಇಲ್ದಿರೋ ಬೇರೆ ಫೋಟೋ ಹಾಕ್ಬಾರ್ದಾ ಮೇಸ್ತ್ರಿ?" ಎಂದಳು ಇಸ್ಕ್ರಾ. ಅವನು ತಲೆಯೆತ್ತಲಿಲ್ಲ. "ಬಾಗಿಲ ಮೇಲಿದ್ದೋಳು ಮಳೇಗೆ ಕರಗಿ ಹೋದ್ಳು, ಟೀಚರಮ್ಮ. ಈ ಫೋಟೋದೊಳ್ಗೆ ಮಳೆ ಬರಲ್ಲ."