ಐದಕ್ಕಿಂತ ಏಳು ದೊಡ್ಡದು ಎಂದವನು

ನಮ್ಮ ಪಕ್ಕದ ಮನೆಯ ಹನುಮಂತರಾಜುವಿಗೆ ಬಾಯಿಗಿಂತ ಕೈ ಮುಂದು. ಬೋರ್‌ವೆಲ್ಲಿಗೆ ಮೋಟಾರ್ ಇಳಿಸುವುದರಲ್ಲಿ ಗುಬ್ಬಿಯಲ್ಲಿ ಅವನನ್ನು ಮೀರಿಸುವವರಿಲ್ಲ. ಹೊಡೆಯುವುದರಲ್ಲೂ ಇಲ್ಲ. ಕೂಲಿಯವನ ದವಡೆ, ತಮ್ಮನ ಮೂಗು, ಹೆಂಡತಿ ತ್ರಿವೇಣಿಯ ಬೆನ್ನು, ಎಲ್ಲವೂ ಅವನ ಕೈರುಚಿ ಕಂಡಿವೆ. ಹೊಡೆದ ಮೇಲೆ ಕೂತು ಅಳುತ್ತಿದ್ದ. ಒಳ್ಳೆ ಮನಸ್ಸಿನವನು ಎನ್ನುತ್ತಿದ್ದರು ಬೀದಿಯವರು. ನನಗಂತೂ ಆ ಅಳು ಕಂಡರೆ ಮೈ ಉರಿಯುತ್ತಿತ್ತು.

ತ್ರಿವೇಣಿ ವಸಂತನರಸಾಪುರದ ಕಂಟ್ರಾಕ್ಟರುಗಳಿಗೆ ಫ್ಯಾಕ್ಟರಿ ಶೆಡ್ಡುಗಳ ಡ್ರಾಯಿಂಗ್ ಮಾಡಿಕೊಡುತ್ತಾಳೆ. ದೊಡ್ಡ ಶೆಡ್ಡೊಂದರ ಕೆಲಸದ ನಡುವೆ ಅವಳ ಲ್ಯಾಪ್‌ಟಾಪ್ ಕೆಟ್ಟಿತು. ಸೋಮವಾರ ಡ್ರಾಯಿಂಗ್ ಕೊಡದಿದ್ದರೆ ಕೆಲಸ ಬೇರೆಯವರ ಪಾಲು. ಅವಳು ಅಳತೆಗೆಂದು ಸೈಟಿನಲ್ಲಿದ್ದಳು. ತುಮಕೂರಿಗೆ ಹೋಗಿದ್ದ ಗಂಡನಿಗೆ ಎಂಥ ಲ್ಯಾಪ್‌ಟಾಪ್ ತರಬೇಕೆಂದು ಫೋನಿನಲ್ಲೇ ಬಿಡಿಸಿ ಹೇಳಿದಳು.

"ಐ ಫೈವ್ ಪ್ರೊಸೆಸರ್ ಸಾಕು. ಅದರ ಮುಂದಿನ ನಂಬರ್ ಹದಿಮೂರರಿಂದ ಶುರುವಾಗ್ಬೇಕು, ಅದು ಜನರೇಷನ್. ಕೊನೇಲಿ ಎಚ್ ಇರ್ಬೇಕು, ಭಾರದ ಕೆಲ್ಸಕ್ಕೆ. ಯು ಇದ್ರೆ ಬೇಡ."

ಅದು ಅವನ ತಲೆಗೆ ಹತ್ತಲಿಲ್ಲ. ಅವನ ಕಸುಬಿನಲ್ಲಿ ಐದು ಎಚ್‌ಪಿಗಿಂತ ಏಳೂವರೆ ದೊಡ್ಡದು, ಹಳೆಯ ಮೋಟಾರಿಗೂ ಕಾಯಿಲ್ ಸುತ್ತಿಸಿದರೆ ಹೊಸದೇ. ಯಾರೋ ಬಳಸಿಬಿಟ್ಟ ಐ ಸೆವೆನ್ ತಂದ. ನಾಲ್ಕನೇ ಜನರೇಷನ್, ಕೊನೆಯಲ್ಲಿ ಯು.

ಡ್ರಾಯಿಂಗ್ ತೆರೆದ ಕೂಡಲೇ ಅದು ಮುಗ್ಗರಿಸಿತು. "ಇದು ಹಳೇ ಕಾಲದ ಏಳು. ಈಗಿನ ಐದರ ಮುಂದೆ ನಿಲ್ಲಲ್ಲ," ಎಂದಳು ತ್ರಿವೇಣಿ.

"ನಂಗೇ ಪಾಠ ಹೇಳ್ತೀಯೇನ್ಲೇ?"

ಚಾರ್ಜರ್ ಬೀಸಿದ. ಅವಳ ಹಣೆ ಒಡೆದು ರಕ್ತ ಇಳಿಯಿತು. ಲ್ಯಾಪ್‌ಟಾಪನ್ನು ನೆಲಕ್ಕೆ ಅಪ್ಪಳಿಸಿದ. ತಿಂಗಳುಗಟ್ಟಲೆ ಮಾಡಿದ ಡ್ರಾಯಿಂಗ್ ಇದ್ದ ಪೆನ್‌ಡ್ರೈವ್ ಅದರಿಂದ ಕಳಚಿ ದೂರ ಬಿತ್ತು. ಅವಳು ಬಗ್ಗಿ ಕೈ ಚಾಚಿದಳು. ಆ ಕೈಯನ್ನೇ ತುಳಿಯಲು ಕಾಲೆತ್ತಿದ. ಅವಳು ಮೂಲೆಯಲ್ಲಿದ್ದ ಪೈಪ್ ಪಾನಾ ಎಳೆದು ಅವನ ಇನ್ನೊಂದು ಕಾಲಿಗೆ ಬೀಸಿದಳು. ಮೂಳೆ ಮುರಿದ ಸದ್ದು ನಮ್ಮ ಮನೆಗೂ ಕೇಳಿತು.

ನಾನು ಓಡಿಹೋದೆ. ಅವನು ನೆಲದಲ್ಲಿ ಹೊರಳಾಡುತ್ತಿದ್ದ. "ಇವರನ್ನ ಆಸ್ಪತ್ರೆಗೆ ಸೇರ್ಸಕ್ಕ. ನಂಗೆ ತುಮಕೂರಲ್ಲಿ ಕೆಲ್ಸ ಐತೆ," ಎಂದಳು. ಪೆನ್‌ಡ್ರೈವ್ ಎತ್ತಿಕೊಂಡು, ಹಣೆಗೆ ಬಟ್ಟೆ ಕಟ್ಟಿಕೊಂಡೇ ಬಸ್ಸು ಹತ್ತಿದಳು. ತನಗೆ ಬೇಕಾದ ಲ್ಯಾಪ್‌ಟಾಪನ್ನೇ ಆರಿಸಿ ತಂದಳು, ಸೋಮವಾರ ಡ್ರಾಯಿಂಗ್ ಕೊಟ್ಟಳು.

ಹನುಮಂತರಾಜು ಈಗ ಕುಂಟುತ್ತಾನೆ. ಕೇಳಿದವರಿಗೆಲ್ಲ, "ಬೋರ್ ಹತ್ರ ಜಾರಿ ಬಿದ್ದೆ," ಎನ್ನುತ್ತಾನೆ.

ತ್ರಿವೇಣಿ ಸ್ಕ್ರೀನಿನಿಂದ ಕಣ್ಣೆತ್ತದೆ ಒಳಗಿನಿಂದಲೇ ಹೇಳುತ್ತಾಳೆ, "ನಾನೇ ಹೊಡ್ದಿದ್ದು. ಹಂಗೇ ಹೇಳಿ."