ಚೀಟಿ ಹರಿದು ಒಗೆಯಿರಿ ಎಂದಿದ್ದೆ

1999ರಲ್ಲಿ ಕಲಬುರಗಿಯಲ್ಲಿ ನನ್ನದೊಂದು ಪುಟ್ಟ ಕಂಪ್ಯೂಟರ್ ಕೇಂದ್ರವಿತ್ತು. ಪರಿಚಯದ ವೈದ್ಯರೊಬ್ಬರ ಒತ್ತಾಯಕ್ಕೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ರಕ್ತದಾನಿಗಳ ವೆಬ್‌ಸೈಟ್ ಮಾಡಿದ್ದೆ. ಹೊಸ ಹೆಸರುಗಳನ್ನು ಪಟ್ಟಿಗೆ ಸೇರಿಸಲು ಅದಕ್ಕೊಂದು ಸಣ್ಣ ಪ್ರೋಗ್ರಾಂ ಜೋಡಿಸಿದ್ದೆ. ಈಗಿನವರು ಪ್ಲಗಿನ್ ಎನ್ನುತ್ತಾರೆ. ಮೂರೂ ಊರಿನ ಎಸ್‌ಟಿಡಿ ಬೂತಿನವರು ದಾನಿಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಫೋನಿನಲ್ಲಿ ಓದುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ.

ವೆಬ್‌ಸೈಟಿನ ಕಡತಗಳು ಕೂತಿರುವ ದೂರದ ಕಂಪ್ಯೂಟರೇ ಸರ್ವರ್. ನಮ್ಮದು ಯೂನಿಕ್ಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವ ಸರ್ವರ್. ಪ್ಲಗಿನ್ ಅದಕ್ಕೆಂದೇ ಬರೆದದ್ದು. ಆದರೆ ಅದರಿಂದ ಒಂದು ಪುಟ ತೆರೆಯುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. ನನಗೋ ಮೊದಲಿನಿಂದ ತಾಳ್ಮೆ ಕಡಿಮೆ. ಬೇಗ ತೆರೆಯುತ್ತದೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಬೇರೊಂದು ವಿಂಡೋಸ್ ಸರ್ವರಿಗೆ ಸಾಗಿಸಿದೆ. ಪರೀಕ್ಷೆಗೆಂದು ಒಂದು ಹೆಸರು ಹಾಕಿದೆ. ‘ಧನ್ಯವಾದ, ನಿಮ್ಮ ಹೆಸರು ಸೇರಿದೆ’ ಎಂಬ ಪುಟ ಬಂತು. ಪಟ್ಟಿ ತೆರೆದು ನೋಡುವ ಗೋಜಿಗೆ ಹೋಗಲಿಲ್ಲ.

ಜೇವರ್ಗಿ ಬೂತಿನ ಶರಣಪ್ಪ ಹುಷಾರಿನ ಮನುಷ್ಯ. “ಸರ, ಈ ಚೀಟಿ ಇಟ್ಕೊಳ್ಳಲೇನ್ರಿ?” ಎಂದು ಕೇಳಿದರು.

“ಯಾಕ್ರಿ? ಹರದು ಒಗೀರಿ. ಎಲ್ಲಾ ಕಂಪ್ಯೂಟರ್‌ನಾಗ ಅದ,” ಎಂದೆ. ಹೇಳುವಾಗ ಒಳಗೊಳಗೇ ಜಂಭ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಅದೇ ವೈದ್ಯರ ಫೋನ್ ಬಂತು. ಜೇವರ್ಗಿ ತಾಲ್ಲೂಕಿನ ಇಜೇರಿಯ ಕಸ್ತೂರಬಾಯಿಗೆ ಕಲಬುರಗಿಯಲ್ಲಿ ಹೆರಿಗೆಯಾಗಿದೆ, ರಕ್ತಸ್ರಾವ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು. ಪಟ್ಟಿಯಲ್ಲಿ ಆ ಗುಂಪಿನವರು ಒಬ್ಬರೇ ಸಿಕ್ಕರು, ಆಳಂದದವರು. ಅವರು ಸೊಲ್ಲಾಪುರಕ್ಕೆ ಹೋಗಿದ್ದರು. ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆ. ಸಂಜೆ ಐದಕ್ಕೆ ಆಕೆ ತೀರಿಕೊಂಡಳು. ಮಗು ಉಳಿಯಿತು.

ಮೂರನೆಯ ದಿನ ಶರಣಪ್ಪ ತಮ್ಮ ಬೂತಿನ ಪಕ್ಕದ ದರ್ಜಿಯನ್ನು ಕರೆತಂದರು. ಆ ಮನುಷ್ಯ ಕೂರಲೂ ಇಲ್ಲ.

“ನಂದೂ ಅದೇ ರಕ್ತ ರೀ. ಹೋದ ತಿಂಗಳೇ ಹೆಸರು ಬರಸೀನಿ. ಅವತ್ತ ದಿನಾಪೂರ್ತಿ ಫೋನಿನ ಬಾಜೂಕ ಕುಂತಿದ್ದೆ. ನನ್ನ ಯಾಕ ಕರೀಲಿಲ್ರಿ?”

ಅವರೆದುರೇ ಪಟ್ಟಿ ತೆರೆದೆ. ಸರ್ವರ್ ಬದಲಿಸಿದ ಮೇಲೆ ಒಂದು ಹೆಸರೂ ಸೇರಿರಲಿಲ್ಲ. ಆ ಸರ್ವರಿನಲ್ಲಿ ಪಟ್ಟಿಗೆ ಬರೆಯಲು ನನ್ನ ಪ್ಲಗಿನ್‌ಗೆ ಆಗುತ್ತಲೇ ಇರಲಿಲ್ಲ. ಬರೆದಾಯಿತೇ ಎಂದು ನೋಡದೆ ಅದು ಧನ್ಯವಾದದ ಪುಟವನ್ನಷ್ಟೇ ತೋರಿಸುತ್ತಿತ್ತು. ಚೀಟಿಗಳೂ ಉಳಿದಿರಲಿಲ್ಲ. ಶರಣಪ್ಪ ನನ್ನ ಮುಖ ನೋಡದೆ ಹೊರಗೆ ಹೋದರು.

ತಪ್ಪು ಒಪ್ಪಿಕೊಳ್ಳಬೇಕೆಂದೇ ಇಜೇರಿಗೆ ಹೋದೆ. ಕಸ್ತೂರಬಾಯಿಯ ತಾಯಿ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ನಾನು ಬಾಯಿ ತೆರೆಯುವ ಮೊದಲೇ, “ನಮ್ಮ ಹುಡುಗಿ ಸಲುವಾಗಿ ಅಷ್ಟು ಮಂದಿಗೆ ಫೋನ್ ಹಚ್ಚಿದವರು ನೀವೇ ಏನ್ರಿ? ನಿಮ್ಮ ಉಪಕಾರ ಮರಿಯಂಗಿಲ್ರಿ,” ಎಂದು ಕೈ ಮುಗಿದರು. ಅವರು ಕೊಟ್ಟ ಚಹಾ ಕುಡಿದು, ಏನೂ ಹೇಳದೆ ಎದ್ದು ಬಂದೆ.

ಪ್ಲಗಿನ್ ಯಾವುದಕ್ಕೆ ಒಗ್ಗುತ್ತದೆಂದು ತಿಳಿದ ಮೇಲೆಯೇ ಸರ್ವರ್ ಆರಿಸಬೇಕು. ಹಾಕಿದ್ದನ್ನು ಅಲ್ಲಿಂದಲೇ ವಾಪಸು ತೆಗೆದು ಓದಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟು. ಕೆಲಸ ಬಿಟ್ಟು ವರ್ಷಗಳಾದರೂ, ಪರದೆಯ ಮೇಲೆ ‘ಧನ್ಯವಾದ’ ಎಂದು ಬಂದಾಗಲೆಲ್ಲ ಆ ತಾಯಿಯ ಮುಗಿದ ಕೈ ಕಾಣುತ್ತದೆ.

ಆ ಮಗು ಈಗ ದೊಡ್ಡವಳಾಗಿದ್ದಾಳೆ. ಅವಳಿಗೂ ನಾನಿನ್ನೂ ಹೇಳಿಲ್ಲ.