ಹಾಜ್ಯಾರ ಅಂಗಡಿಯ ಸ್ಟೂಲುಗಳು

ಕಾನೂನು ಬದಲಾಯಿಸುವವರಿಗೇನು, ತಿರುವನಂತಪುರದಲ್ಲಿ ಫ್ಯಾನಿನ ಕೆಳಗೆ ಕೂತು ಬದಲಾಯಿಸಿಬಿಡುತ್ತಾರೆ. ಅದನ್ನು ತಲೆಯ ಮೇಲೆ ಹೊತ್ತು ಕೋಳಿಕ್ಕೋಡಿನ ಅಂಗಡಿ ಅಂಗಡಿ ತಿರುಗುವವನು ವೇಲಾಯುಧನ್. ಕನಿಷ್ಠ ಕೂಲಿ ಏರಿತು, ಬೋನಸ್ಸಿನ ನಿಯಮ ಬದಲಾಯಿತು, ಹೆರಿಗೆ ರಜೆ ಹೆಚ್ಚಾಯಿತು ಎಂದು ಮಾಲೀಕರಿಗೆ ಹೇಳುವುದು, ಅವರ ಮುಖ ಹುಳ್ಳಗಾಗುವುದನ್ನು ನೋಡುವುದು, ಆಮೇಲೆ ದಂಡ ಬೀಳದ ಹಾಗೆ ಎಲ್ಲವನ್ನೂ ಸರಿಮಾಡಿಕೊಡುವುದು ಅವನ ಕಸುಬು. ಅವನೇನೂ ವಕೀಲನಲ್ಲ. ಹರೆಯದಲ್ಲಿ ಕಾರ್ಮಿಕ ಸಂಘದ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಅಲ್ಲಿ ಕಲಿತದ್ದನ್ನು ಈಗ ಮೊದಲಾಳಿಗಳಿಗೆ, ಆ ಮಾಲೀಕರಿಗೇ, ಮಾರುತ್ತಿದ್ದಾನೆ ಎಂದು ಹಳೆಯ ಸಂಗಾತಿಗಳು ಚಹಾದಂಗಡಿಯಲ್ಲಿ ಅವನಿಗೆ ಕೇಳಿಸುವಂತೆಯೇ ಆಡಿಕೊಳ್ಳುತ್ತಾರೆ. ಮಾಲೀಕರ ಕಣ್ಣಿಗೋ ಅವನು ಇನ್ನೂ ಕೆಂಬಾವುಟದವನು. ಐವತ್ತೆಂಟು ದಾಟಿದ ಮೇಲೆ ಎರಡೂ ಕಡೆಯವರಿಗೆ ಉತ್ತರ ಕೊಡುವುದನ್ನು ಅವನು ಬಿಟ್ಟುಬಿಟ್ಟಿದ್ದ.

ಅವನ ಮೊದಲ ಗಿರಾಕಿ ಬೀರಾನ್‌ಕುಟ್ಟಿ ಹಾಜಿ. ಊರೆಲ್ಲ ಹಾಜ್ಯಾರ್ ಎನ್ನುತ್ತದೆ. ದೊಡ್ಡ ಸೀರೆ ಅಂಗಡಿ. ಸೀರೆ ತೋರಿಸುವವರೆಲ್ಲ ಹೆಂಗಸರು. ಹಾಜ್ಯಾರ್ ಕೆಟ್ಟ ಮನುಷ್ಯನೆಂದು ಯಾರೂ ಹೇಳಲಾರರು. ಸಂಬಳ ತಡಮಾಡಿದವರಲ್ಲ, ಪೆರುನ್ನಾಳ್ ಹಬ್ಬಕ್ಕೆ ಎಲ್ಲರ ಮನೆಗೂ ಬಿರಿಯಾನಿ ಕಳಿಸುತ್ತಾರೆ. ಬಾಗಿಲ ಪಕ್ಕ ಎತ್ತರದ ಜಗಲಿಯ ಮೇಲೆ ಅವರ ಮೇಜು. ಅಲ್ಲಿಂದ ಇಡೀ ಅಂಗಡಿ ಅಂಗೈಯಲ್ಲಿದ್ದಂತೆ ಕಾಣುತ್ತದೆ.

ಆ ವರ್ಷ ಬಂದ ಹೊಸ ಕಾನೂನು ಬಹಳ ಸಣ್ಣದು. ಅಂಗಡಿಯಲ್ಲಿ ದುಡಿಯುವವರಿಗೆ ಕೂರಲು ಆಸನ ಇರಬೇಕು, ಬಿಡುವಾದಾಗ ಕೂರಲು ಬಿಡಬೇಕು, ಅಷ್ಟೆ. ಅದನ್ನು ಕೇಳಿ ನಿಜವಾಗಿ ಖುಷಿಪಟ್ಟವಳು ರೇಷ್ಮೆ ವಿಭಾಗದ ದೇವಯಾನಿ. ಮದುವೆಯಾದ ಹೊಸತರಲ್ಲಿ ಕೆಲಸಕ್ಕೆ ಸೇರಿದವಳು, ಈಗ ಮಗಳು ಕಾಲೇಜಿಗೆ ಹೋಗುತ್ತಾಳೆ. ದಿನವಿಡೀ ನಿಂತು ನಿಂತು ಅವಳ ಮೀನಖಂಡದ ನರಗಳೆಲ್ಲ ಗಂಟುಕಟ್ಟಿದ್ದವು. ಹೀಗೇ ನಿಲ್ಲುವುದಾದರೆ ಕೆಲಸ ಬಿಡು ಎಂದು ಡಾಕ್ಟರು ಹೇಳಿದ್ದರು. ಬಿಟ್ಟರೆ ಆ ಮನೆಯಲ್ಲಿ ಒಲೆ ಉರಿಯುವುದು ಕಷ್ಟ. "ಕೆಲಸ ಯಾಕೆ ಬಿಡ್ತೀಯ, ಇನ್ನು ನೀನು ಕೂತ್ಕೋಬಹುದು" ಎಂದು ವೇಲಾಯುಧನ್ ಅವಳಿಗೆ ಮಾತು ಕೊಟ್ಟಿದ್ದ.

ಹಾಜ್ಯಾರ್ ಸ್ಟೂಲು ಮಾಡಿಸಿದರು, ಅದೂ ತೇಗದ್ದು. ತಿಂಗಳು ಕಳೆದರೂ ಅದರ ಮೇಲೆ ಸೀರೆಯ ಕಟ್ಟು ಕೂತಿತ್ತು, ಗಿರಾಕಿಗಳ ಕೈಚೀಲ ಕೂತಿತ್ತು, ಒಬ್ಬ ಹೆಂಗಸೂ ಕೂತಿರಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ವೇಲಾಯುಧನ್ ದೇವಯಾನಿಯ ಹತ್ತಿರ ಹೋದ. ಅವಳು ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಾಯಿಸುತ್ತ ಸೀರೆ ಮಡಿಸುತ್ತಿದ್ದಳು.

"ಈ ತಿಂಗಳಿಗೆ ಮುಗೀತು ಸಾರ್. ಬಿಟ್ಬಿಡ್ತೀನಿ."

"ಪಕ್ಕದಲ್ಲೇ ಸ್ಟೂಲ್ ಇದೆಯಲ್ಲ ಮಾರಾಯ್ತಿ. ಯಾರಾದ್ರೂ ಬೇಡ ಅಂದ್ರಾ?"

"ಯಾರೂ ಅನ್ನಲಿಲ್ಲ. ಆದ್ರೆ ಹಾಜ್ಯಾರ ಎದುರಿಗೆ ಹೇಗೆ ಕೂರೋದು?"

"ಕಾನೂನಿದೆ, ನಿಂಗೇನು ಭಯ?"

ಅವಳು ಮಡಿಸುವುದನ್ನು ನಿಲ್ಲಿಸಿದಳು. "ಬೇಜಾರು ಮಾಡ್ಕೋಬೇಡಿ ಸಾರ್. ನೀವು ಎಷ್ಟು ವರ್ಷದಿಂದ ಇಲ್ಲಿಗೆ ಬರ್ತಿದ್ದೀರಿ. ಅವರ ಎದುರು ಒಂದು ದಿನಾನೂ ಕೂತದ್ದು ನಾನು ನೋಡಿಲ್ಲ. ಸುಲೈಮಾನಿ ಚಹಾ ತರಿಸಿಕೊಟ್ರೂ ನಿಂತೇ ಕುಡೀತೀರಿ. ನೀವು ಅವರ ಸಂಬಳದವರೂ ಅಲ್ಲ."

ವೇಲಾಯುಧನಿಗೆ ಮೊದಲು ಬಂದದ್ದು ಸಿಟ್ಟು. ಇವಳ ಬಾಯಿ ಜಾಸ್ತಿಯಾಯಿತು ಅಂದುಕೊಂಡ. ಆಮೇಲೆ ನೆನಪು ಕೆದಕಿ ನೋಡಿದ. ಹಾಜ್ಯಾರ ಮೇಜಿನ ಮುಂದೆ ಕುರ್ಚಿ ಇದ್ದೇ ಇತ್ತು. ಕೂರಬೇಡ ಎಂದು ಅವರು ಹೇಳಿದವರಲ್ಲ, ಕೂರಬೇಕೆಂದು ಇವನಿಗೆ ಹೊಳೆದದ್ದೂ ಇಲ್ಲ. ಮಾಲೀಕನ ಎದುರು ಕೈಕಟ್ಟಿ ನಿಲ್ಲಬೇಡಿ ಎಂದು ಸಂಘದ ಸಭೆಗಳಲ್ಲಿ ಗಂಟಲು ಹರಿದುಕೊಂಡವನ ಮೊಣಕಾಲು ಇಲ್ಲಿ ತಾನಾಗಿ ನೆಟ್ಟಗಾಗಿಬಿಡುತ್ತಿತ್ತು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೇಸಿಗೆಗಿಂತ ಹೆಚ್ಚಾಗಿ ಆಯಾಸವಾಯಿತು.

ಅವನು ಅವಳ ಪಕ್ಕದ ಸ್ಟೂಲಿನಿಂದ ಸೀರೆಯ ಕಟ್ಟು ಇಳಿಸಿ, ಸ್ಟೂಲನ್ನು ಎತ್ತಿಕೊಂಡು ಜಗಲಿಯ ಕಡೆ ನಡೆದ.

"ಏನ್ ವಕೀಲರೇ, ಇನ್ನೇನು ತಂದ್ರಿ?" ಹಾಜ್ಯಾರ್ ನಕ್ಕರು. "ಸ್ಟೂಲ್ ಆಯ್ತು. ಇನ್ನು ಇವರಿಗೆ ಮಂಚ ಹಾಕ್ಬೇಕಂತಾ?"

ಅಂಗಡಿಯೆಲ್ಲ ನಕ್ಕಿತು. ವೇಲಾಯುಧನ್ ಸ್ಟೂಲು ಇಟ್ಟು ಅವರ ಎದುರು ಕೂತ. ನಗು ನಿಂತಿತು.

"ಮೈಯಲ್ಲಿ ಹುಷಾರಿಲ್ವಾ?"

"ಹುಷಾರಾಗೇ ಇದ್ದೀನಿ ಹಾಜ್ಯಾರೇ."

"ಮತ್ತೆ?"

"ನೀವು ಯಾರಿಗೂ ಕೂರ್ಬೇಡಿ ಅಂದಿಲ್ಲ, ನಿಜ. ಕೂತ್ಕೊಳ್ಳಿ ಅಂತಲೂ ಅಂದಿಲ್ಲ. ಒಂದು ಸಲ ಬಾಯಿಬಿಟ್ಟು ಹೇಳಿ. ದೇವಯಾನಿ ಕಾಲು ನೋಡಿದ್ದೀರಾ?"

ಹಾಜ್ಯಾರ ಮುಖ ಕೆಂಪೇರಿತು. ಎಲ್ಲರೆದುರು ಹೀಗೆ ಕೇಳಿಸಿಕೊಂಡು ಅವರಿಗೆ ಅಭ್ಯಾಸವಿರಲಿಲ್ಲ. ಬೀದಿಯ ಕಡೆ ಮುಖ ಮಾಡಿದರು. ತಿರುಗದೆಯೇ ಗಟ್ಟಿಯಾಗಿ ಹೇಳಿದರು:

"ಎಲ್ಲರೂ ಕೂತ್ಕೊಳ್ಳಿ. ಗಿರಾಕಿ ಬಂದಾಗ ಎದ್ರೆ ಸಾಕು."

ಮೊದಲು ಒಂದು ಸ್ಟೂಲು ನೆಲಕ್ಕೆ ಉಜ್ಜಿದ ಸದ್ದು. ಆಮೇಲೆ ಇನ್ನೊಂದು, ಮತ್ತೊಂದು. ವೇಲಾಯುಧನ್ ಹಿಂದೆ ನೋಡಲಿಲ್ಲ.

"ಮುಂದಿನ ತಿಂಗಳಿಂದ ಈ ಕೆಲಸ ನನ್ನ ಅಳಿಯ ನೋಡ್ಕೋತಾನೆ" ಎಂದರು ಹಾಜ್ಯಾರ್, ಈಗ ದನಿ ತಗ್ಗಿಸಿ, ಮರ್ಯಾದೆಯಿಂದಲೇ. "ನಿಮಗೂ ವಯಸ್ಸಾಯ್ತು. ಸುಮ್ನೆ ಬರೋ ಹೋಗೋ ಕಷ್ಟ ಯಾಕೆ."

"ಆಗ್ಲಿ ಹಾಜ್ಯಾರೇ."

ಕೂತಾಗಲೇ ಇದು ಬರುತ್ತದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ನೋವಾಯಿತು. ಬೇರೆ ಅಂಗಡಿಗಳಿದ್ದವು, ಹೊಟ್ಟೆಗೆ ಕೊರತೆಯಿಲ್ಲ. ಆದರೆ ಅವನನ್ನು ನಂಬಿ ಮೊದಲು ಬಾಗಿಲು ತೆರೆದ ಅಂಗಡಿ ಇದು. ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದು, ಮೊಣಕಾಲಿಗೆ ಕೈ ಊರಿ ಎದ್ದ. ಸ್ಟೂಲನ್ನು ತಂದ ಜಾಗದಲ್ಲೇ ಇಡಲು ರೇಷ್ಮೆ ವಿಭಾಗಕ್ಕೆ ಹೋದ. ದೇವಯಾನಿ ಬೇರೊಂದು ಸ್ಟೂಲಿನ ತುದಿಯಲ್ಲಿ, ಯಾರೋ ಎಬ್ಬಿಸುತ್ತಾರೇನೋ ಎಂಬಂತೆ ಕೂತಿದ್ದಳು. ಅವನನ್ನು ಕಂಡದ್ದೇ ಗಡಬಡಿಸಿ ಅರ್ಧ ಎದ್ದಳು.

"ಕೂತ್ಕೋ ಮಗಳೇ" ಎಂದ ವೇಲಾಯುಧನ್. "ನಾನು ಗಿರಾಕಿ ಅಲ್ಲ. ಇನ್ಮೇಲೆ ಇಲ್ಲಿಯವನೂ ಅಲ್ಲ."